ಒತ್ತಡದ ಪಾಠದಲ್ಲಿ ಬಿಟ್ಟುಹೋದ ಮಣ್ಣು

ಒಂಟೆಯ ಪಾದ, ಯುದ್ಧಟ್ಯಾಂಕಿನ ಚೈನು, ಲಾರಿಯ ಅಗಲ ಟೈರು, ಚಾಕುವಿನ ಅಲಗು – ಒತ್ತಡದ ಪಾಠ ಎಂದೊಡನೆ ಈ ನಾಲ್ಕು ನಿದರ್ಶನಗಳು ಸಾಲಾಗಿ ಬಂದು ನಿಲ್ಲುತ್ತವೆ. ಅವನ್ನು ವಿದ್ಯಾರ್ಥಿಗಳ ಮುಂದಿಟ್ಟ ಪುಸ್ತಕಗಳಲ್ಲಿ ಎನ್‌ಸಿಇಆರ್‌ಟಿಯ ಒಂಬತ್ತನೆಯ ತರಗತಿಯ ವಿಜ್ಞಾನ ಪುಸ್ತಕ ಮುಖ್ಯವಾದುದು. 2006ರಲ್ಲಿ ಮೊದಲು ಪ್ರಕಟವಾದ ಈ ಪುಸ್ತಕದ ಕನ್ನಡ ರೂಪ ನಮ್ಮ ಶಾಲೆಗಳಲ್ಲಿಯೂ ಪಾಠವಾಯಿತು. ಸೂತ್ರವನ್ನು ನಿತ್ಯಜೀವನಕ್ಕೆ ಜೋಡಿಸುವ ಅದರ ಉದ್ದೇಶ ಮೆಚ್ಚತಕ್ಕದ್ದೇ. ಆದರೆ ಟ್ಯಾಂಕಿನ ನಿದರ್ಶನದಲ್ಲಿ ಎರಡು ದೋಷಗಳಿವೆ. ಒಂದು ಅಂಕಿಯದು, ಸುಲಭವಾಗಿ ತಿದ್ದಬಹುದು. ಇನ್ನೊಂದು ವಿವರಣೆಯದು, ಅದು ಒಂದು ಪುಸ್ತಕಕ್ಕೆ ಸೀಮಿತವಲ್ಲ, ನಾವು ಶಿಕ್ಷಕರೂ ವರ್ಷವರ್ಷವೂ ಹಾಗೆಯೇ ದಾಟಿಸುತ್ತ ಬಂದಿದ್ದೇವೆ. ಈ ಎರಡನ್ನೂ ಇಲ್ಲಿ ಪರಿಶೀಲಿಸೋಣ.

ಸಾವಿರ ಟನ್ನಿನ ಟ್ಯಾಂಕು

ಗುರುತ್ವದ ಅಧ್ಯಾಯದಲ್ಲಿ ಬರುವ ಈ ಭಾಗವು ಟ್ಯಾಂಕಿನ ತೂಕ ಸಾವಿರ ಟನ್ನಿಗೂ ಹೆಚ್ಚು ಎನ್ನುತ್ತದೆ. ಅಂಥ ಟ್ಯಾಂಕು ಜಗತ್ತಿನಲ್ಲಿ ಎಲ್ಲಿಯೂ ಇಲ್ಲ, ಇರಲೂ ಇಲ್ಲ. ಭಾರತದ 'ಅರ್ಜುನ್' ಟ್ಯಾಂಕಿನ ಮೊದಲ ಮಾದರಿಯ ತೂಕ ಸುಮಾರು 58.5 ಟನ್. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಜರ್ಮನಿ ಪ್ರಯೋಗಕ್ಕೆಂದು ಕಟ್ಟಿದ 'ಮೌಸ್' ಇದುವರೆಗೆ ತಯಾರಾದ ಟ್ಯಾಂಕುಗಳಲ್ಲೇ ಅತಿ ಭಾರದ್ದು. ಅದೂ 188 ಟನ್ ಮಾತ್ರ.

ಅಚ್ಚಿನಲ್ಲಿ ಸೊನ್ನೆಯೊಂದು ಹೆಚ್ಚಾಗಿರಬಹುದು ಎಂದು ಬಿಟ್ಟುಬಿಡಬಹುದಿತ್ತು. ಆದರೆ ಆ ಅಂಕಿ ಪಾಠದ ತಿರುಳನ್ನೇ ಸುಳ್ಳಾಗಿಸುತ್ತದೆ. ಲೆಕ್ಕ ಹಾಕಿ ನೋಡಿ. ಅರ್ಜುನ್ ಟ್ಯಾಂಕು ನೆಲದ ಮೇಲೆ ಹಾಕುವ ಸರಾಸರಿ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 0.84 ಕಿ.ಗ್ರಾಂ. ಅಂದರೆ ಅದರ ಎರಡು ಚೈನುಗಳು ನೆಲವನ್ನು ಮುಟ್ಟುವ ವಿಸ್ತೀರ್ಣ ಸುಮಾರು 7 ಚದರ ಮೀಟರ್. ಅಷ್ಟೇ ವಿಸ್ತೀರ್ಣದ ಮೇಲೆ ಸಾವಿರ ಟನ್ ಕೂರಿಸಿದರೆ ಒತ್ತಡ ಚದರ ಸೆಂಟಿಮೀಟರಿಗೆ 14 ಕಿ.ಗ್ರಾಂ ದಾಟುತ್ತದೆ. ಸರಕು ಲಾರಿಯ ಟೈರಿನೊಳಗಿನ ಗಾಳಿಯ ಒತ್ತಡ 7ರಿಂದ 8 ಕಿ.ಗ್ರಾಂ. ಹಾಗಾದರೆ ಈ ಕಲ್ಪಿತ ಟ್ಯಾಂಕಿನ ಚೈನು ಲಾರಿಯ ಟೈರಿಗಿಂತ ಸುಮಾರು ಎರಡು ಪಟ್ಟು ಜೋರಾಗಿ ನೆಲವನ್ನು ಒತ್ತುತ್ತದೆ! ಅರ್ಜುನ್‌ನಷ್ಟೇ ಹಗುರವಾಗಿ ಊರಬೇಕಾದರೆ ಅದಕ್ಕೆ ಸುಮಾರು 119 ಚದರ ಮೀಟರ್ ಚೈನು ಬೇಕು. ಅದು ಎಂಟು ಮೀಟರ್ ಉದ್ದ, ಆರು ಮೀಟರ್ ಅಗಲದ ಎರಡೂವರೆ ತರಗತಿ ಕೋಣೆಗಳಷ್ಟು.

ಸಾವಿರ ಟನ್ ಮೀರಿದ ಚೈನಿನ ವಾಹನಗಳು ಇಲ್ಲವೆಂದಲ್ಲ. ಅಮೆರಿಕದ ನಾಸಾ ಸಂಸ್ಥೆ ರಾಕೆಟ್ಟುಗಳನ್ನು ಉಡಾವಣಾ ಕಟ್ಟೆಗೆ ಸಾಗಿಸುವ ವಾಹನ 2,700 ಟನ್ನಿಗೂ ಹೆಚ್ಚು ತೂಗುತ್ತದೆ. ನಾಲ್ಕು ಮೂಲೆಗಳಲ್ಲಿ ತಲಾ ಎರಡರಂತೆ ಎಂಟು ಚೈನುಗಳ ಮೇಲೆ ನಿಂತಿದೆ. ಆದರೆ ಅದು ಹೋಗುವುದು ನದಿಗಲ್ಲುಗಳನ್ನು ಹಾಸಿ ವಿಶೇಷವಾಗಿ ನಿರ್ಮಿಸಿದ ದಾರಿಯ ಮೇಲೆ ಮಾತ್ರ, ಗದ್ದೆಯಲ್ಲಲ್ಲ. ಅಂಕಿಯನ್ನು ಪರೀಕ್ಷಿಸುವ ಅಭ್ಯಾಸವಿದ್ದ ವಿದ್ಯಾರ್ಥಿ ಪುಸ್ತಕದ ಸೂತ್ರದಿಂದಲೇ ಪುಸ್ತಕದ ತಪ್ಪನ್ನು ಹಿಡಿಯಬಲ್ಲ. ಆ ಅಭ್ಯಾಸ ಕಲಿಸದಿರುವುದೇ ನನ್ನ ಮೊದಲ ಆಕ್ಷೇಪಣೆ.

ಪಕ್ಕಪಕ್ಕ ಕೂರುವ ಗಾಡಿ

ಇನ್ನು ವಿವರಣೆಗೆ ಬರೋಣ. 'ಚೈನಿನಿಂದ ವಿಸ್ತೀರ್ಣ ಹೆಚ್ಚುತ್ತದೆ, ಒತ್ತಡ ಕಡಿಮೆಯಾಗುತ್ತದೆ, ಆದ್ದರಿಂದ ವಾಹನ ಮೆತ್ತನೆಯ ನೆಲದಲ್ಲಿ ಸುಲಭವಾಗಿ ಚಲಿಸುತ್ತದೆ.' ಪರೀಕ್ಷೆಯಲ್ಲಿ ಇದಕ್ಕೆ ಪೂರ್ಣ ಅಂಕ. ಈ ವಾಕ್ಯದ ಮೊದಲೆರಡು ಭಾಗಗಳು ಸರಿ. 'ಆದ್ದರಿಂದ' ಎಂಬಲ್ಲಿ ತೊಡಕಿದೆ.

ತೊಡಕನ್ನು ಬಿಡಿಸಲು ಟ್ಯಾಂಕಿಗಿಂತ ಅನುಕೂಲವಾದ ನಿದರ್ಶನವೊಂದಿದೆ. ವಿದೇಶಗಳಲ್ಲಿ 'ಸೈಡ್-ಬೈ-ಸೈಡ್' ಎಂಬ ಹಗುರ ವಾಹನಗಳು ಬಳಕೆಯಲ್ಲಿವೆ. ಚಾಲಕ ಮತ್ತು ಜೊತೆಗಾರ ಪಕ್ಕಪಕ್ಕದಲ್ಲಿ ಕೂರುವುದರಿಂದ ಈ ಹೆಸರು. ಕೊಳವೆಗಳ ಪಂಜರದಂಥ ಮೈಕಟ್ಟು, ಉದ್ದ ಸ್ಪ್ರಿಂಗುಗಳು, ದಪ್ಪ ಹಲ್ಲಿನ ಟೈರುಗಳು. ಇದರ ಕ್ರೀಡಾ ಮಾದರಿಗಳು ರಸ್ತೆಯಿಲ್ಲದ ಕಡೆ ವೇಗವಾಗಿ ಓಡಲೆಂದೇ ತಯಾರಾದವು. ಹಿಮ ಬೀಳುವ ನಾಡುಗಳಲ್ಲಿ ಚಳಿಗಾಲ ಬಂದಾಗ ಇದರ ನಾಲ್ಕು ಚಕ್ರಗಳನ್ನು ಬಿಚ್ಚಿ, ಪ್ರತಿ ಚಕ್ರದ ಜಾಗದಲ್ಲಿ ತ್ರಿಕೋನಾಕಾರದ ಚೌಕಟ್ಟಿನ ಮೇಲೆ ಸುತ್ತುವ ರಬ್ಬರ್ ಪಟ್ಟಿಯ ಘಟಕವೊಂದನ್ನು ಬಿಗಿಯುತ್ತಾರೆ. ಇದೇ 'ಟ್ರ್ಯಾಕ್', ನಮ್ಮ ಕಡೆಯ ಮಾತಿನಲ್ಲಿ ಚೈನು. ಭತ್ತದ ಕಟಾವು ಯಂತ್ರಕ್ಕೂ ಕಲ್ಲುಕ್ವಾರಿಯ ಹಿಟಾಚಿಗೂ ಇರುವ ಚೈನಿನ ತಮ್ಮನೇ ಇದು.

ಈ ನಿದರ್ಶನದ ಅನುಕೂಲವೇನು? ಅದೇ ವಾಹನ, ಅದೇ ಎಂಜಿನ್ನು. ಬದಲಾಗುವುದು ಕಾಲು ಮಾತ್ರ. ಪ್ರಯೋಗಶಾಲೆಯಲ್ಲಿ ಒಂದನ್ನು ಬದಲಿಸಿ ಉಳಿದುದನ್ನು ಸ್ಥಿರವಾಗಿಡುತ್ತೇವಲ್ಲ, ಹಾಗೆ. ಲೆಕ್ಕಕ್ಕಾಗಿ ದುಂಡು ಅಂಕಿಗಳನ್ನು ಇಟ್ಟುಕೊಳ್ಳೋಣ. ಇಬ್ಬರು ಕುಳಿತ ವಾಹನದ ದ್ರವ್ಯರಾಶಿ 800 ಕಿ.ಗ್ರಾಂ, ಅಂದರೆ ಭಾರ 8,000 ನ್ಯೂಟನ್. ಗಾಳಿ ತುಂಬಿದ ಟೈರು ಗಟ್ಟಿ ನೆಲದ ಮೇಲೆ ಹಾಕುವ ಒತ್ತಡ ಹೆಚ್ಚುಕಡಿಮೆ ಅದರೊಳಗಿನ ಗಾಳಿಯ ಒತ್ತಡದಷ್ಟೇ; ಅದು 100 ಕಿಲೋಪಾಸ್ಕಲ್ ಎನ್ನೋಣ. ಆಗ ನಾಲ್ಕು ಟೈರುಗಳ ಒಟ್ಟು ಸ್ಪರ್ಶ ವಿಸ್ತೀರ್ಣ 0.08 ಚದರ ಮೀಟರ್. ಚೈನು ಹಾಕಿದರೆ 200 ಕಿ.ಗ್ರಾಂ ಹೆಚ್ಚಾಗಿ ಭಾರ 10,000 ನ್ಯೂಟನ್ ಆಗಲಿ; ಪ್ರತಿ ಘಟಕ 75 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದಷ್ಟು ನೆಲ ಮುಟ್ಟಲಿ. ಒಟ್ಟು ವಿಸ್ತೀರ್ಣ 0.9 ಚದರ ಮೀಟರ್, ಒತ್ತಡ ಸುಮಾರು 11 ಕಿಲೋಪಾಸ್ಕಲ್. ಒಂಬತ್ತು ಪಟ್ಟು ಇಳಿಕೆ! 60 ಕಿ.ಗ್ರಾಂ ತೂಕದ ಮನುಷ್ಯ ಒಂದು ಕಾಲಿನ ಮೇಲೆ ಭಾರ ಬಿಟ್ಟಾಗ ನೆಲಕ್ಕೆ ಬೀಳುವ ಒತ್ತಡ ಸುಮಾರು 40 ಕಿಲೋಪಾಸ್ಕಲ್. ಅಂದರೆ ಮನುಷ್ಯನ ಹೆಜ್ಜೆ ಹೂತುಹೋಗುವಲ್ಲಿ ಈ ವಾಹನ ತೇಲಿದಂತೆ ಸಾಗಬಹುದು.

ಇಲ್ಲಿಯವರೆಗೆ ಪಠ್ಯಪುಸ್ತಕ ಗೆದ್ದಿದೆ. ಆದರೆ ಹೂಳದಿರುವುದು ಒಂದು, ಮುಂದೆ ಸಾಗುವುದು ಇನ್ನೊಂದು. ದೋಣಿ ಕೂಡ ಹೂಳುವುದಿಲ್ಲ. ಹುಟ್ಟು ಹಾಕದೆ ಅದು ಚಲಿಸುವುದೂ ಇಲ್ಲ.

ಕೂಲಂಬನ ಎರಡು ಪದಗಳು

ವಾಹನ ಮುಂದೆ ಹೋಗಬೇಕಾದರೆ ಅದು ನೆಲವನ್ನು ಹಿಂದಕ್ಕೆ ತಳ್ಳಬೇಕು. ನೆಲ ಅದನ್ನು ಮುಂದಕ್ಕೆ ತಳ್ಳುತ್ತದೆ. ಮಣ್ಣು ಜಾರಿ ಕಿತ್ತುಬಂದರೆ ಆ ತಳ್ಳು ಅಲ್ಲಿಗೆ ಮುಗಿಯಿತು. ಮಣ್ಣು ಎಷ್ಟು ತಾಳೀತು? ಈ ಪ್ರಶ್ನೆಗೆ ಉತ್ತರ ಕೊಟ್ಟವರು ವಿದ್ಯುದಾವೇಶಗಳ ನಿಯಮದಿಂದ ನಿಮಗೆ ಪರಿಚಿತರಾದ ಫ್ರಾನ್ಸಿನ ಕೂಲಂಬ್. ಅವರು ವೃತ್ತಿಯಿಂದ ಸೇನೆಯ ಇಂಜಿನಿಯರ್. ಕೋಟೆಯ ಗೋಡೆಗಳಿಗೆ ಒರಗಿದ ಮಣ್ಣಿನ ಬಗ್ಗೆ 1773ರಲ್ಲಿ ಮಂಡಿಸಿದ ಪ್ರಬಂಧ 1776ರಲ್ಲಿ ಅಚ್ಚಾಯಿತು. ಅವರ ನಿಯಮವನ್ನು ವಾಹನಕ್ಕೆ ಅನ್ವಯಿಸಿದರೆ ಹೀಗಾಗುತ್ತದೆ:

ಗರಿಷ್ಠ ಎಳೆತ = (ಮಣ್ಣಿನ ಅಂಟು × ಸ್ಪರ್ಶ ವಿಸ್ತೀರ್ಣ) + (ವಾಹನದ ಭಾರ × ಮಣ್ಣಿನ ಒಳಘರ್ಷಣಾಂಕ)

ಅಂಟು ಎಂದರೆ ಕಣಕಣಗಳನ್ನು ಹಿಡಿದಿಡುವ ಸಂಸಕ್ತಿ. ಸಮೀಕರಣವನ್ನು ನಿಧಾನವಾಗಿ ಓದಿ. ಮೊದಲ ಪದದಲ್ಲಿ ವಿಸ್ತೀರ್ಣವಿದೆ, ಭಾರವಿಲ್ಲ. ಎರಡನೆಯದರಲ್ಲಿ ಭಾರವಿದೆ, ವಿಸ್ತೀರ್ಣವಿಲ್ಲ. ಯಾವ ಪದ ದೊಡ್ಡದು ಎಂಬುದನ್ನು ನಿರ್ಧರಿಸುವುದು ಮಣ್ಣು.

ರಾಮನಗರ ಸೀಮೆಯವರಿಗೆ ಎರಡೂ ಬಗೆಯ ನೆಲ ಹತ್ತಿರದಲ್ಲೇ ಇವೆ. ಚನ್ನಪಟ್ಟಣದ ಕಣ್ವ ಜಲಾಶಯದ ಅಂಚಿನಲ್ಲಿ, ಊರೂರಿನ ಕೆರೆಯಂಗಳದಲ್ಲಿ ನೀರು ಇಳಿದ ಮೇಲೆ ಉಳಿಯುವ ಗೋಡುಮಣ್ಣು ಒಂದು ಬಗೆ. ಕನಕಪುರದಾಚೆ ಸಂಗಮದಲ್ಲಿ ಅರ್ಕಾವತಿ ಕಾವೇರಿಯನ್ನು ಸೇರುವ ಕಡೆ ಬೇಸಿಗೆಯಲ್ಲಿ ಕಾಣುವ ಒಣಮರಳು ಇನ್ನೊಂದು ಬಗೆ.

ಮೊದಲು ಗೋಡು. ನೀರುಂಡ ಜೇಡಿಯಲ್ಲಿ ಒಳಘರ್ಷಣೆ ನಗಣ್ಯವೆಂದೂ ಅಂಟು 10 ಕಿಲೋಪಾಸ್ಕಲ್ ಎಂದೂ ಇಟ್ಟುಕೊಳ್ಳಿ. ಟೈರಿನ ವಾಹನಕ್ಕೆ ಸಿಗುವ ಎಳೆತ 800 ನ್ಯೂಟನ್. ಟೈರು ಹೂತು ವಿಸ್ತೀರ್ಣ ಇಮ್ಮಡಿಯಾಯಿತೆಂದರೂ 1,600. ಚೈನಿನ ವಾಹನಕ್ಕೆ 9,000 ನ್ಯೂಟನ್. ಅಲ್ಲದೆ ಇಂಥ ಜೇಡಿ ತನ್ನ ಅಂಟಿನ ಸುಮಾರು ಐದು ಪಟ್ಟು, ಅಂದರೆ 50 ಕಿಲೋಪಾಸ್ಕಲ್ ಒತ್ತಡವನ್ನಷ್ಟೇ ತಾಳುತ್ತದೆ. 100 ಕಿಲೋಪಾಸ್ಕಲ್‌ನ ಟೈರು ಹೂಳುತ್ತದೆ, 11ರ ಚೈನು ನಿಲ್ಲುತ್ತದೆ. ಗೋಡಿನಲ್ಲಿ ಚೈನಿಗೆ ಎರಡು ಕಡೆಯಿಂದಲೂ ಗೆಲುವು.

ಈಗ ಒಣಮರಳು. ಅದರಲ್ಲಿ ಅಂಟು ಸೊನ್ನೆ, ಒಳಘರ್ಷಣಾಂಕ 0.6 ಎನ್ನೋಣ. ಟೈರಿನ ವಾಹನದ ಎಳೆತ 4,800 ನ್ಯೂಟನ್, ಚೈನಿನದು 6,000. ವಿಸ್ತೀರ್ಣ ಹನ್ನೊಂದು ಪಟ್ಟು ಹೆಚ್ಚಿದರೂ ಎಳೆತ ಹೆಚ್ಚಿದ್ದು ಕಾಲು ಭಾಗ ಮಾತ್ರ, ಅದೂ ಭಾರ ಕಾಲು ಭಾಗ ಹೆಚ್ಚಿದ್ದಕ್ಕೆ! ವಿಸ್ತೀರ್ಣದ ಕೊಡುಗೆ ಇಲ್ಲಿ ಏನೂ ಇಲ್ಲ. ಗೋಡಿಗೂ ಮರಳಿಗೂ ಒಂದೇ ಉತ್ತರ ಬರೆಸುವ ನಮ್ಮ ಪಾಠ ಈ ಅಂತರವನ್ನು ಮರೆಮಾಡುತ್ತದೆ.

ಹಾಗಾದರೆ ಮರಳಿನಲ್ಲಿ ಲಾಭವಿಲ್ಲವೇ?

ಇದೆ, ಆದರೆ ಅದು ಬೇರೆ ದಾರಿಯಿಂದ ಬರುತ್ತದೆ. ಹೂಳುವ ಚಕ್ರ ತನ್ನ ಮುಂದಿನ ಮಣ್ಣನ್ನು ಒತ್ತಿ ಒತ್ತಿ ಜಾಡು ಮಾಡಿಕೊಳ್ಳುತ್ತ ಹೋಗಬೇಕು. ಈ ಕೆಲಸಕ್ಕೆ ಶಕ್ತಿ ವ್ಯಯವಾಗುತ್ತದೆ. ಪ್ರತಿ ಮೀಟರಿಗೆ ವ್ಯಯವಾಗುವ ಶಕ್ತಿಯೇ ವಾಹನವನ್ನು ಹಿಂದಕ್ಕೆ ಹಿಡಿಯುವ ರೋಧ. ಟೈರು 10 ಸೆಂ.ಮೀ. ಆಳ, 25 ಸೆಂ.ಮೀ. ಅಗಲದ ಎರಡು ಜಾಡುಗಳನ್ನು ಸರಾಸರಿ 50 ಕಿಲೋಪಾಸ್ಕಲ್ ಒತ್ತಡದಲ್ಲಿ ಮಾಡುತ್ತದೆ ಎಂದುಕೊಳ್ಳಿ. ರೋಧ 2,500 ನ್ಯೂಟನ್. ಸಿಕ್ಕ 4,800ರಲ್ಲಿ ಅರ್ಧಕ್ಕೂ ಹೆಚ್ಚು ಜಾಡು ತುಳಿಯುವ ಕೂಲಿಗೇ ಹೋಯಿತು. ಚೈನು 2 ಸೆಂ.ಮೀ. ಮಾತ್ರ ಇಳಿದು, ಒತ್ತಡದ ಸರಾಸರಿ 5.5 ಕಿಲೋಪಾಸ್ಕಲ್ ಆದರೆ ರೋಧ ಕೇವಲ 66 ನ್ಯೂಟನ್. ಮರಳಿನಲ್ಲಿ ಚೈನು ಗಳಿಕೆಯನ್ನು ಹೆಚ್ಚಿಸುವುದಿಲ್ಲ, ಖರ್ಚನ್ನು ಇಳಿಸುತ್ತದೆ. ಒಂಟೆಯ ಅಗಲ ಪಾದದ ಗುಟ್ಟೂ ಇದೇ.

ಹೀಗೆ ಎಳೆತ ಮತ್ತು ರೋಧಗಳನ್ನು ಬೇರೆ ಬೇರೆಯಾಗಿ ಅಳೆದು ಒಂದರಿಂದ ಇನ್ನೊಂದನ್ನು ಕಳೆಯುವ ಕ್ರಮವನ್ನು ಶಾಸ್ತ್ರವಾಗಿ ಕಟ್ಟಿದವರು ಪೋಲೆಂಡ್ ಮೂಲದ ಇಂಜಿನಿಯರ್ ಬೆಕ್ಕರ್. ಈ ವಿಷಯದ ಮೇಲೆ ಅವರ ದೊಡ್ಡ ಗ್ರಂಥ ಬಂದದ್ದು 1956ರಲ್ಲಿ. 1971ರಲ್ಲಿ ಚಂದ್ರನ ಮೇಲೆ ಗಗನಯಾತ್ರಿಗಳು ಓಡಿಸಿದ ವಾಹನದ ವಿನ್ಯಾಸದಲ್ಲಿಯೂ ಅವರ ಪಾತ್ರವಿತ್ತು. ಅದಕ್ಕೆ ಚೈನು ಇರಲಿಲ್ಲ. ತಂತಿ ಹೆಣೆದ, ಒತ್ತಿದರೆ ಬಾಗುವ ಚಕ್ರಗಳಿದ್ದವು. 2023ರಲ್ಲಿ ನಮ್ಮ ಚಂದ್ರಯಾನ-3ರ 'ಪ್ರಗ್ಯಾನ್' ಕೂಡ ಆರು ಚಕ್ರಗಳ ಮೇಲೆಯೇ ಓಡಿತು. ಮೆತ್ತನೆಯ ನೆಲವೆಂದರೆ ಚೈನೇ ಎಂಬ ನಿಯಮವಿಲ್ಲ. ಟೈರಿನ ಗಾಳಿಯನ್ನು ಅರ್ಧಕ್ಕೆ ಇಳಿಸಿದರೆ ವಿಸ್ತೀರ್ಣ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಮರಳಿನಲ್ಲಿ ಜೀಪು ಓಡಿಸುವವರು ಮೊದಲು ಮಾಡುವುದೂ ಅದನ್ನೇ. ಅದಕ್ಕೆ ಕಾಸೂ ಖರ್ಚಿಲ್ಲ.

ಸರಾಸರಿಯ ಮರೆಯಲ್ಲಿ

ಇನ್ನೂ ಒಂದು ಮಾತು. 11 ಕಿಲೋಪಾಸ್ಕಲ್ ಎಂಬುದು ಸರಾಸರಿ. ಪಟ್ಟಿ ಬಾಗುವಂಥದ್ದು, ಅದರೊಳಗಿನ ಸಣ್ಣ ಉರುಳೆಗಳ ಕೆಳಗೆ ಒತ್ತಡ ಹೆಚ್ಚು, ನಡುವಿನ ಜಾಗಗಳಲ್ಲಿ ಕಡಿಮೆ. 1970ರ ದಶಕದಲ್ಲಿ ಬ್ರಿಟನ್ನಿನ ರೋಲಂಡ್ ಸರಾಸರಿ ಒತ್ತಡದ ಬದಲು ಉರುಳೆಗಳ ಕೆಳಗಿನ ಗರಿಷ್ಠ ಒತ್ತಡಗಳ ಸರಾಸರಿಯನ್ನು ಅಳತೆಗೋಲಾಗಿ ಮುಂದಿಟ್ಟರು. ಟ್ಯಾಂಕುಗಳಲ್ಲಿ ಇದು ಸಾಮಾನ್ಯ ಸರಾಸರಿಯ ಎರಡು ಮೂರು ಪಟ್ಟು ಇರುವುದುಂಟು. ಆದ್ದರಿಂದ ಚೈನಿನ ಉದ್ದದಷ್ಟೇ ಒಳಗಿನ ಉರುಳೆಗಳ ಸಂಖ್ಯೆಯೂ ಮುಖ್ಯ.

ಇದು ರೈತನಿಗೂ ಸಂಬಂಧಿಸಿದ ವಿಷಯ. ಗದ್ದೆ ಹಸಿಯಾಗಿದ್ದರೆ ಚೈನಿನ ಕಟಾವು ಯಂತ್ರ, ಒಣಗಿದ್ದರೆ ಟೈರಿನದು ಎಂದು ಅವನು ಅನುಭವದಿಂದಲೇ ಆರಿಸುತ್ತಾನೆ. ನಮ್ಮ ಪಾಠ ಮಾಡದ ಭೇದವನ್ನು ಅವನು ಮಾಡುತ್ತಾನೆ. ಆದರೆ ಚೈನಿನ ಯಂತ್ರದಿಂದ ಹೊಲದ ಮಣ್ಣು ಗಟ್ಟಿಯಾಗುವುದೇ ಇಲ್ಲ ಎಂದು ನಂಬಿದರೆ ಮೋಸಹೋಗುತ್ತಾನೆ. ಮೇಲುಮಣ್ಣು ಗಟ್ಟಿಯಾಗುವುದು ಮುಖ್ಯವಾಗಿ ಸ್ಪರ್ಶದ ಒತ್ತಡದಿಂದ. ಆಳದ ಮಣ್ಣು ಗಟ್ಟಿಯಾಗುವುದು ಹೆಚ್ಚಾಗಿ ಯಂತ್ರದ ಒಟ್ಟು ಭಾರದಿಂದ. ವಿಸ್ತೀರ್ಣ ಹೆಚ್ಚಿಸಿ ಮೇಲಿನದನ್ನು ಉಳಿಸಬಹುದು. ಕೆಳಗಿನದನ್ನು ಉಳಿಸಲು ಭಾರವನ್ನೇ ಇಳಿಸಬೇಕು.

ಲಾಭಕ್ಕೆ ತೆರುವ ಬೆಲೆ

ಮತ್ತೆ ನಮ್ಮ ವಾಹನಕ್ಕೆ ಬನ್ನಿ. ಚೈನು ಹಾಕಿದ ಮೇಲೆ ಅದು ಕ್ರೀಡಾ ವಾಹನವಾಗಿ ಉಳಿಯುತ್ತದೆಯೇ?

ಮೊದಲನೆಯದು ವೇಗ. 74 ಸೆಂ.ಮೀ. ವ್ಯಾಸದ ಟೈರು ಒಂದು ಸುತ್ತಿಗೆ ಸುಮಾರು 2.3 ಮೀಟರ್ ಸಾಗುತ್ತದೆ. ಚೈನನ್ನು ಎಳೆಯುವ ಹಲ್ಲುಗಾಲಿ ಚಿಕ್ಕದು. ಅದರ ವ್ಯಾಸ 40 ಸೆಂ.ಮೀ. ಆದರೆ ಒಂದು ಸುತ್ತಿಗೆ 1.26 ಮೀಟರ್ ಮಾತ್ರ. ಅದೇ ಗೇರು, ಅದೇ ಎಂಜಿನ್ ಸುತ್ತುಗಳಲ್ಲಿ 90 ಕಿ.ಮೀ. ವೇಗ 49ಕ್ಕೆ ಇಳಿಯುತ್ತದೆ; ಚಕ್ರದ ಸುತ್ತುಗಳನ್ನು ಎಣಿಸುವ ವೇಗಮಾಪಕ ಮಾತ್ರ 90 ಎಂದೇ ತೋರಿಸುತ್ತಿರುತ್ತದೆ. ಪ್ರತಿಯಾಗಿ ಎಳೆಯುವ ಬಲ ಅಷ್ಟೇ ಅನುಪಾತದಲ್ಲಿ ಹೆಚ್ಚುತ್ತದೆ. ಆದರೆ ಅದರಲ್ಲಿ ಒಂದು ಪಾಲು ಪಟ್ಟಿಯನ್ನು ಬಗ್ಗಿಸಲು, ಉರುಳೆಗಳನ್ನು ತಿರುಗಿಸಲು ವ್ಯಯವಾಗಿ ಶಾಖವಾಗುತ್ತದೆ.

ಎರಡನೆಯದು ತಿರುವು. ಟ್ಯಾಂಕು ಒಂದು ಚೈನನ್ನು ನಿಧಾನಿಸಿ ಇನ್ನೊಂದನ್ನು ಓಡಿಸಿ ತಿರುಗುತ್ತದೆ. ಇದು ಹಾಗಲ್ಲ; ಮುಂದಿನ ಎರಡು ಘಟಕಗಳನ್ನು ಚಕ್ರದಂತೆಯೇ ಹೊರಳಿಸಬೇಕು. ನೆಲಕ್ಕೆ ಒತ್ತಿದ 75 ಸೆಂ.ಮೀ. ಉದ್ದದ ಪಟ್ಟಿಯನ್ನು ನಿಂತಲ್ಲೇ ತಿರುಗಿಸುವುದೆಂದರೆ ಘರ್ಷಣೆಯನ್ನು ಉದ್ದದ ಸನ್ನೆಯ ತುದಿಯಲ್ಲಿ ಎದುರಿಸಿದಂತೆ. ನಡುಬಿಂದುವಿನಿಂದ ಸ್ಪರ್ಶದ ಸರಾಸರಿ ದೂರ ಟೈರಿಗೆ ಸುಮಾರು 5 ಸೆಂ.ಮೀ., ಪಟ್ಟಿಗೆ ಸುಮಾರು 20 ಸೆಂ.ಮೀ. ಘರ್ಷಣಾಂಕ 0.6 ಎಂದರೆ ಬೇಕಾದ ಟಾರ್ಕ್ ಟೈರಿಗೆ 60 ನ್ಯೂಟನ್-ಮೀಟರ್, ಪಟ್ಟಿಗೆ 300. ಐದು ಪಟ್ಟು! ಹಗುರವಾಗಿರಲೆಂದು ಸಣ್ಣದಾಗಿ ಮಾಡಿದ ಸ್ಟಿಯರಿಂಗ್ ಸರಳುಗಳು ಇದನ್ನು ಹೊರಬೇಕು.

ಮೂರನೆಯದು ನ್ಯೂಟನ್ನನ ಮೂರನೆಯ ನಿಯಮ. ಹಲ್ಲುಗಾಲಿ ಪಟ್ಟಿಯನ್ನು ಒಂದು ದಿಕ್ಕಿಗೆ ತಿರುಗಿಸುತ್ತದೆ. ಪಟ್ಟಿ ಎಲ್ಲಾದರೂ ಸಿಕ್ಕಿಕೊಂಡರೆ ಇಡೀ ತ್ರಿಕೋನ ಘಟಕವೇ ಅಚ್ಚಿನ ಸುತ್ತ ಮಗುಚಿಕೊಳ್ಳಲು ಹವಣಿಸುತ್ತದೆ. ಅದನ್ನು ತಡೆಯಲು ಪ್ರತಿ ಘಟಕವನ್ನೂ ವಾಹನದ ಸಸ್ಪೆನ್ಷನ್ ತೋಳಿಗೆ ಒಂದು ತಡೆಸರಳಿನಿಂದ ಬಿಗಿದಿರುತ್ತಾರೆ. ಕ್ರೀಡಾ ಮಾದರಿಯಲ್ಲಿ ಈ ತೋಳುಗಳು ಬಹಳ ಮೇಲೆ ಕೆಳಗೆ ಆಡುತ್ತವೆ; ತಡೆಸರಳೂ ಅವುಗಳೊಡನೆ ಆಡಬೇಕು. ಸ್ಪ್ರಿಂಗಿನ ಕೆಳಗಿನ ದ್ರವ್ಯರಾಶಿ ಹೆಚ್ಚಿದ್ದರಿಂದ ಉಬ್ಬುತಗ್ಗುಗಳಲ್ಲಿ ಕಾಲು ನೆಲವನ್ನು ಬಿಡದೆ ಹಿಂಬಾಲಿಸುವುದೂ ಕಷ್ಟ.

ಇನ್ನು ರಾಮದೇವರಬೆಟ್ಟದಂಥ ಬೋಳು ಬಂಡೆಯನ್ನು ನೆನೆದುಕೊಳ್ಳಿ. ಅಲ್ಲಿ ಹೂಳುವ ಪ್ರಶ್ನೆಯೇ ಇಲ್ಲ. ಜಾಡಿನ ಉಳಿತಾಯ ಸೊನ್ನೆ, ಅಂಟಿನ ಲಾಭ ಸೊನ್ನೆ. ಉಳಿಯುವುದು ಭಾರ, ಶಾಖ ಮತ್ತು ಬಂಡೆಯಂಚಿಗೆ ಸಿಕ್ಕಿ ಸೀಳುವ ರಬ್ಬರು. ಹಿಮದಲ್ಲೋ ಕೆಸರಿನಲ್ಲೋ ತಾನಾಗಿ ತಂಪಾಗುವ ಭಾಗಗಳು ಒಣ ಗಟ್ಟಿ ನೆಲದಲ್ಲಿ ಬೇಗ ಕಾಯುತ್ತವೆ.

ಭಾರತದಲ್ಲಿ 2007ರಿಂದ ನಡೆಯುತ್ತಿರುವ 'ಬಾಹಾ' ಸ್ಪರ್ಧೆಗೆ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಏಕ ಆಸನದ ಇಂಥದೇ ವಾಹನಗಳನ್ನು ತಾವೇ ಕಟ್ಟುತ್ತಾರೆ. ಅವರಲ್ಲಿ ಹಲವರು ಒತ್ತಡದ ಪಾಠವನ್ನು ಒಂದೇ ಸಾಲಿನ ಉತ್ತರವಾಗಿ ಕಲಿತು ಬಂದವರು. ವಿಸ್ತೀರ್ಣ ಹೆಚ್ಚಿಸಿದರೆ ಸಾಕು ಎಂದು ನಂಬಿದ ವಿದ್ಯಾರ್ಥಿ ಸರಳು ಮುರಿದ ಮೇಲಷ್ಟೇ ಟಾರ್ಕನ್ನು ನೆನೆಯುತ್ತಾನೆ. ಆ ಹೊತ್ತಿಗೆ ಒಳಗೆ ಇನ್ನೊಬ್ಬ ವಿದ್ಯಾರ್ಥಿ ಕುಳಿತಿರುತ್ತಾನೆ ಎಂಬುದನ್ನು ನಾವು ಮರೆಯಬಾರದು.

ತರಗತಿಯಲ್ಲಿ ಏನು ಮಾಡಬಹುದು?

ಇಟ್ಟಿಗೆಯನ್ನು ಸ್ಪಂಜಿನ ಮೇಲೆ ಅಡ್ಡ ಮಲಗಿಸಿ, ನೆಟ್ಟಗೆ ನಿಲ್ಲಿಸಿ ತೋರಿಸುವ ಪ್ರಯೋಗ ನಮಗೆಲ್ಲ ಗೊತ್ತು. ಅದು ಒತ್ತಡವನ್ನು ತೋರಿಸುತ್ತದೆ, ಮಣ್ಣನ್ನು ತೋರಿಸುವುದಿಲ್ಲ. ಸ್ಪಂಜು ಒತ್ತಿದರೆ ಮತ್ತೆ ಏಳುತ್ತದೆ, ಎಳೆದರೆ ಜಾರಿ ಕಿತ್ತುಬರುವುದಿಲ್ಲ. ಅದರ ಜೊತೆಗೆ ಇದನ್ನೂ ಮಾಡಿ.

ಶಾಲೆಯ ಅಂಗಳದಲ್ಲಿ ಒಂದು ಮೀಟರ್ ಚೌಕದ ಎರಡು ಮಡಿಗಳನ್ನು ಮಾಡಿ. ಒಂದಕ್ಕೆ ಜರಡಿ ಹಿಡಿದ ಒಣಮರಳು, ಇನ್ನೊಂದಕ್ಕೆ ನೀರು ಹಾಕಿ ತುಳಿದ ಕೆರೆಗೋಡು ತುಂಬಿ. ಎರಡು ಹಲಗೆಗಳನ್ನು ತೆಗೆದುಕೊಳ್ಳಿ: ಒಂದು 10 ಸೆಂ.ಮೀ. ಚೌಕ, ಇನ್ನೊಂದು 20 ಸೆಂ.ಮೀ. ಚೌಕ. ಎರಡರ ಅಡಿಗೂ ಒಂದು ಸೆಂಟಿಮೀಟರ್ ಎತ್ತರದ ಅಡ್ಡಪಟ್ಟಿಗಳನ್ನು ಸಮ ಅಂತರದಲ್ಲಿ ಹೊಡೆಯಿರಿ. ಹಲಗೆಯೂ ಸೇರಿ ಒಟ್ಟು ತೂಕ ಎರಡರಲ್ಲೂ 2 ಕಿ.ಗ್ರಾಂ ಆಗುವಂತೆ ಭಾರ ಇಡಿ. ಪಟ್ಟಿಗಳು ಮಣ್ಣಿಗಿಳಿದ ಮೇಲೆ ಸ್ಪ್ರಿಂಗ್ ತಕ್ಕಡಿಯಿಂದ ಅಡ್ಡಲಾಗಿ ನಿಧಾನವಾಗಿ ಎಳೆದು, ಹಲಗೆ ಕದಲುವಾಗಿನ ಅಂಕಿಯನ್ನು ಬರೆದುಕೊಳ್ಳಿ. ಎಳೆಯುವ ಮುನ್ನ ವಿದ್ಯಾರ್ಥಿಗಳಿಂದ ಊಹೆ ಬರೆಸಿ. ಮರಳಿನಲ್ಲಿ ಎರಡು ಹಲಗೆಗಳ ಅಂಕಿಗಳು ಹತ್ತಿರ ಹತ್ತಿರ ಬರಬೇಕು. ಗೋಡಿನಲ್ಲಿ ದೊಡ್ಡ ಹಲಗೆಯದು ಬಹಳ ಹೆಚ್ಚಿರಬೇಕು. ಬಾರದಿದ್ದರೆ ಇನ್ನೂ ಒಳ್ಳೆಯದು. ಮರಳು ತೇವವಾಗಿತ್ತೇ, ಪಟ್ಟಿಗಳು ಪೂರ್ತಿ ಇಳಿದಿದ್ದವೇ ಎಂದು ಹುಡುಕಬಹುದು.

ಪ್ರಶ್ನೆಪತ್ರಿಕೆಯಲ್ಲಿಯೂ ಒಂದು ಬದಲಾವಣೆ ಬೇಕು. 'ಟ್ಯಾಂಕಿಗೆ ಚೈನು ಏಕೆ?' ಎಂದು ಕೇಳುವ ಬದಲು, 'ಒಂದೇ ವಾಹನಕ್ಕೆ ಚೈನು ಹಾಕಿ ಗೋಡು, ಮರಳು, ಬಂಡೆಗಳ ಮೇಲೆ ಓಡಿಸಿದರೆ ಎಲ್ಲಿ ಎಷ್ಟು ಲಾಭ, ಏಕೆ?' ಎಂದು ಕೇಳಬಹುದು. ಈ ಪ್ರಶ್ನೆಗೆ ಬಾಯಿಪಾಠದ ಉತ್ತರವಿಲ್ಲ. ಒತ್ತಡದ ಸೂತ್ರ ಅದರಲ್ಲಿ ಮೊದಲ ಹೆಜ್ಜೆಯಾಗಿ ಬಂದೇ ಬರುತ್ತದೆ. ಮುಂದಿನ ಹೆಜ್ಜೆ ಇಡಬೇಕಾದರೆ ವಿದ್ಯಾರ್ಥಿ ಬಗ್ಗಿ ಮಣ್ಣನ್ನು ಕೈಯಲ್ಲಿ ಹಿಡಿದು ಹಿಸುಕಿ ನೋಡಬೇಕು.